ಅಜ್ಜಿಯ ಸೀರೆಗೆ ಯಾವ ಹೊಲಿಗೆ? ಕೌದಿ, ಕಾಂಥಾ, ಸಾಶಿಕೊ, ಕಸೂತಿ: ಕೊಡಗಿನ ಮನೆಗಳಿಗೆ ಒಂದು ಹೋಲಿಕೆ

ಮಳೆ ಹಿಂದೆಗೆದು, ತುಲಾ ಸಂಕ್ರಮಣದ ಆಸುಪಾಸಿನಲ್ಲಿ ಬಿಸಿಲು ಮೈತುಂಬ ಬೀಳತೊಡಗಿದಾಗ, ಕೊಡಗಿನ ಮನೆಗಳಲ್ಲಿ ಪೆಟ್ಟಿಗೆ ಬೀರುಗಳ ಬಟ್ಟೆಯನ್ನೆಲ್ಲ ಹೊರತೆಗೆದು ಅಂಗಳದಲ್ಲಿ ಹರಡುವ ಕೆಲಸವೊಂದಿರುತ್ತದೆ. ಹಾಗೆ ಹರಡುವಾಗ ಅಜ್ಜಿಯ ಕೈಮಗ್ಗದ ಸೀರೆಗಳು, ತಾತನ ಪಂಚೆ, ಯಾರದೋ ಮದುವೆಯ ಕೆಂಪು ರೇಷ್ಮೆ ಇವೆಲ್ಲ ಕೈಗೆ ಬರುತ್ತವೆ. ಉಡುವವರಿಲ್ಲ, ಕೊಟ್ಟುಬಿಡಲು ಮನಸ್ಸಿಲ್ಲ, ಇಟ್ಟರೆ ಬರುವ ಮಳೆಗಾಲಕ್ಕೆ ಇನ್ನೊಂದಿಷ್ಟು ಬೂಸು ಹಿಡಿಯುವುದು ಖಚಿತ. ಇವನ್ನು ಹೊಲಿದು ಬೇರೆ ಏನನ್ನಾದರೂ ಮಾಡೋಣವೆಂದು ಹೊರಟವರಿಗೆ ಈಗ ಮೊಬೈಲಿನಲ್ಲಿ ಜಪಾನಿನಿಂದ ಬಂಗಾಳದವರೆಗಿನ ಹೊಲಿಗೆಗಳೆಲ್ಲ ಕಾಣಸಿಗುತ್ತವೆ. ಆಯ್ಕೆ ಕಷ್ಟವಾಗುವುದು ಅಲ್ಲಿಂದಲೇ. ಕಣ್ಣಿಗೆ ಹಿಡಿಸಿದ ಚಿತ್ರವನ್ನು ಮೊದಲು ಆರಿಸಿಕೊಂಡು ಆಮೇಲೆ ಬಟ್ಟೆಯನ್ನು ಅದಕ್ಕೆ ಒಗ್ಗಿಸಲು ಹೋದವರ ಕೆಲಸ ಬಹುತೇಕ ಅರ್ಧಕ್ಕೆ ನಿಂತಿರುವುದನ್ನು ನಾನು ನೋಡಿದ್ದೇನೆ. ಬಟ್ಟೆಯಲ್ಲಿ ಉಳಿದಿರುವ ಬಲ ಮತ್ತು ನಿಮ್ಮ ಊರಿನಲ್ಲಿ ಅದು ಒಣಗಲು ಹಿಡಿಯುವ ಕಾಲ, ಈ ಎರಡನ್ನು ಮೊದಲು ತಿಳಿದುಕೊಂಡರೆ ಯಾವ ಹೊಲಿಗೆ ಎಂಬ ಪ್ರಶ್ನೆ ಮುಕ್ಕಾಲು ಪಾಲು ತಾನಾಗಿಯೇ ಬಗೆಹರಿಯುತ್ತದೆ.

ನನ್ನ ತವರು ಹಾವೇರಿ ಕಡೆಯದು; ಕೌದಿ ಹೊದ್ದು ಬೆಳೆದವಳು. ಮದುವೆಯಾಗಿ ಬಂದದ್ದು ನಾಪೋಕ್ಲು ಬಳಿಯ ತೋಟದ ಮನೆಗೆ. ಬಂದ ಎರಡನೆಯ ವರ್ಷ, ತವರಿನ ಅಭ್ಯಾಸದಂತೆ ಅತ್ತೆಯವರ ಹಳೆಯ ಸೀರೆಗಳನ್ನು ಸೇರಿಸಿ, ನಡುವೆ ಒಂದು ಸವೆದ ಕಂಬಳಿಯನ್ನೂ ಇಟ್ಟು, ದಪ್ಪನೆಯ ಕೌದಿಯೊಂದನ್ನು ಹೊಲಿದೆ. ಜೂನ್ ತಿಂಗಳ ಮೊದಲ ವಾರದಲ್ಲಿ ಅದನ್ನು ಒಗೆದದ್ದು ನನ್ನ ತಪ್ಪು. ಹನ್ನೆರಡು ದಿನ ಅದು ಒಳಗಿನ ಹಗ್ಗದಿಂದ ಒಲೆಯ ಬದಿಗೆ, ಒಲೆಯ ಬದಿಯಿಂದ ಹಗ್ಗಕ್ಕೆ ಓಡಾಡಿತು. ಹೊರಪದರ ಒಣಗಿದಂತೆ ಕಂಡರೂ ನಡುವಿನ ಕಂಬಳಿ ನೀರು ಬಿಡಲಿಲ್ಲ, ಕೊನೆಗೆ ಒಳಗಿನಿಂದಲೇ ಕರಿಚುಕ್ಕೆ ಎದ್ದು ಬಂದಿತು. ಅತ್ತೆಯವರು ಏನೂ ಹೇಳಲಿಲ್ಲ. ಅವರು ಹೇಳದಿದ್ದುದೇ ನನಗೆ ಹೆಚ್ಚು ನಾಟಿತು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಅದೇ ಜಿಲ್ಲೆಯ ಕುಶಾಲನಗರದಲ್ಲಿ ಮಳೆ ಅದಕ್ಕಿಂತ ಎಷ್ಟೋ ಕಡಿಮೆ. ಆದ್ದರಿಂದ ಕೊಡಗಿಗೆ ಯಾವ ಹೊಲಿಗೆ ಒಳ್ಳೆಯದು ಎಂದು ಒಂದೇ ಮಾತಿನಲ್ಲಿ ಹೇಳುವುದು ಸರಿಯಲ್ಲ. ಕುಶಾಲನಗರದ ಮನೆಯಲ್ಲಿ ಐದು ಪದರದ ಕೌದಿ ಸುಖವಾಗಿ ಬಾಳುತ್ತದೆ. ಗಾಳಿಬೀಡಿನಲ್ಲೋ ನಾಪೋಕ್ಲಿನಲ್ಲೋ ಅದೇ ಕೌದಿ ವರ್ಷದ ನಾಲ್ಕು ತಿಂಗಳು ಮನೆಯವರಿಗೆ ಒಂದು ಚಿಂತೆ.

ಬಟ್ಟೆಯ ಬಲವನ್ನು ಅಳೆಯಲು ಯಾವ ಸಾಧನವೂ ಬೇಡ. ಸೀರೆಯನ್ನು ಬೆಳಕಿಗೆ ಎದುರಾಗಿ ಹಿಡಿದು ಎಲ್ಲಿ ಎಳೆಗಳು ಸರಿದು ಜಾಲರಿಯಂತಾಗಿವೆ ಎಂದು ನೋಡಬೇಕು. ಅನಂತರ ಎರಡು ಹೆಬ್ಬೆರಳುಗಳನ್ನು ಅಕ್ಕಪಕ್ಕದಲ್ಲಿಟ್ಟು ಬಟ್ಟೆಯನ್ನು ಮೆಲ್ಲನೆ ಎಳೆಯಬೇಕು. ಹತ್ತಿಯ ಬಟ್ಟೆ ಸ್ವಲ್ಪ ಹಿಗ್ಗಿ ನಿಂತರೆ ಅದಕ್ಕಿನ್ನೂ ಆಯುಸ್ಸಿದೆ. ಚರ್ ಎಂದು ಬಿಟ್ಟರೆ ಆ ಭಾಗವನ್ನು ಒಳಪದರಕ್ಕೂ ಬಳಸಬಾರದು. ಸಾಮಾನ್ಯವಾಗಿ ಸೀರೆ ಸವೆಯುವುದು ಹಿಮ್ಮಡಿಗೆ ತಾಗುವ ಕೆಳ ಅಂಚಿನಲ್ಲಿ ಮತ್ತು ಕುಳಿತುಕೊಳ್ಳುವ ಭಾಗದಲ್ಲಿ. ಕೊಡವ ರೀತಿಯಲ್ಲಿ ಉಟ್ಟ ಸೀರೆಗೆ ಇನ್ನೊಂದು ವಿಶೇಷವಿದೆ. ನಿರಿಗೆಗಳು ಬೆನ್ನ ಕಡೆ ಬರುವುದರಿಂದ ಕುಳಿತಾಗಲೆಲ್ಲ ಭಾರ ಆ ನಿರಿಗೆಗಳ ಮೇಲೆಯೇ ಬೀಳುತ್ತದೆ. ಅದಕ್ಕಾಗಿ ಸೀರೆಯ ನಡುಭಾಗದಲ್ಲಿ ಗೇಣಿಗೊಂದರಂತೆ ಸವೆದ ಪಟ್ಟೆಗಳು ಕಾಣುತ್ತವೆ. ಸೆರಗನ್ನು ಭುಜದ ಬಳಿ ಪಿನ್ನು ಹಾಕಿ ನಿಲ್ಲಿಸುವ ಜಾಗದಲ್ಲಿ ಸಣ್ಣ ತೂತುಗಳಿರುತ್ತವೆ. ಸೆರಗಿನ ಉಳಿದ ಭಾಗವೂ ಸೊಂಟಕ್ಕೆ ಮೊದಲು ಸುತ್ತುವ ಒಳತುದಿಯೂ ಸಾಮಾನ್ಯವಾಗಿ ಗಟ್ಟಿಯಾಗಿ ಉಳಿದಿರುತ್ತವೆ. ಕತ್ತರಿ ಹಾಕುವ ಮೊದಲು ಈ ಭಾಗಗಳಿಗೆ ಬಟ್ಟೆಯ ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಒಂದೊಂದಾಗಿ ನೋಡೋಣ.

ಉತ್ತರ ಕರ್ನಾಟಕದ ಕೌದಿ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ ಸಾದಾ ಎಳೆಹೊಲಿಗೆಯಲ್ಲಿ ಸೇರಿಸುವ ಹೊದಿಕೆ. ಮೊದಲು ಕಚ್ಚಾ ಹೊಲಿಗೆ ಹಾಕಿ ಪದರಗಳು ಸರಿಯದಂತೆ ನಿಲ್ಲಿಸಿ, ಆಮೇಲೆ ಸಾಲು ಸಾಲಾಗಿಯೋ ಚೌಕದೊಳಗೆ ಚೌಕ ಬರುವಂತೆಯೋ ಹೊಲಿಯುತ್ತಾರೆ. ಇದರ ದೊಡ್ಡ ಗುಣವೆಂದರೆ ಕ್ಷಮೆ: ಹೊಲಿಗೆ ಸೊಟ್ಟಗಾದರೂ, ಅಳತೆ ಹೆಚ್ಚುಕಡಿಮೆಯಾದರೂ, ಬಣ್ಣಗಳು ಹೊಂದದಿದ್ದರೂ ಕೌದಿ ಕೌದಿಯೇ. ತುಂಬ ಸವೆದ ಬಟ್ಟೆಗೂ ಒಳಪದರದಲ್ಲಿ ಜಾಗವಿರುವುದರಿಂದ ಬಿಸಾಡಬೇಕಾದ್ದು ಬಹಳ ಕಡಿಮೆ. ಕುಟುಂಬದ ನಾಲ್ಕೈದು ಜನರ ಬಟ್ಟೆ ಒಂದರಲ್ಲೇ ಸೇರಬೇಕೆಂಬ ಆಸೆಯಿದ್ದವರಿಗೆ ಇದಕ್ಕೆ ಸಮನಾದುದು ಇನ್ನೊಂದಿಲ್ಲ.

ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಬೇಕು. ಐದೂವರೆ ಮೀಟರ್ ಉದ್ದ, 1.15 ಮೀಟರ್ ಅಗಲದ ಸೀರೆಯಲ್ಲಿ ಸಿಗುವುದು ಸುಮಾರು 6.3 ಚದರ ಮೀಟರ್ ಬಟ್ಟೆ. ಒಬ್ಬರು ಹೊದೆಯುವ 1.4 ಮೀಟರ್ ಅಗಲ, 2.1 ಮೀಟರ್ ಉದ್ದದ ಹೊದಿಕೆಗೆ ಪ್ರತಿ ಪದರಕ್ಕೂ ಮೂರು ಚದರ ಮೀಟರಿನಷ್ಟು ಬೇಕು. ಅಂದರೆ ಚೆನ್ನಾಗಿರುವ ಒಂದು ಸೀರೆ ಎರಡು ಪದರಕ್ಕೆ ಸರಿಹೋಗುತ್ತದೆ; ಐದು ಪದರದ ಕೌದಿಯಲ್ಲಿ ಹೆಚ್ಚುಕಡಿಮೆ ಎರಡೂವರೆ ಸೀರೆ ಕೂತಿರುತ್ತದೆ. ಎರಡೂವರೆ ಸೀರೆಯನ್ನು ಮಡಚಿ ಒಂದರ ಮೇಲೊಂದು ಹೊಲಿದು ಒಗೆದರೆ ಆಗಸ್ಟ್ ತಿಂಗಳಲ್ಲಿ ಅದು ಎಲ್ಲಿ ಒಣಗಬೇಕು? ಹೀಗಾಗಿ ಮಳೆ ಹೆಚ್ಚಿರುವ ಕಡೆಯವರು ಕೌದಿಯನ್ನು ಮೂರು ಪದರಕ್ಕೆ ನಿಲ್ಲಿಸಬೇಕು, ನಡುವೆ ಕಂಬಳಿಯನ್ನಾಗಲೀ ಹತ್ತಿಯನ್ನಾಗಲೀ ತುಂಬಲೇಬಾರದು, ಮತ್ತು ಡಿಸೆಂಬರಿನಿಂದ ಮೇ ತಿಂಗಳೊಳಗೆ ಮಾತ್ರ ಒಗೆಯಬೇಕು ಎಂಬುದು ಪೆಟ್ಟು ತಿಂದು ಕಲಿತ ನನ್ನ ಅಭಿಪ್ರಾಯ.

ಕೌದಿಯಲ್ಲೇ ಇನ್ನೊಂದು ಬಗೆಯಿದೆ. ನನ್ನ ಕಣ್ಣಿಗೆ ಎಲ್ಲಕ್ಕಿಂತ ಜೀವಂತವಾಗಿ ಕಾಣುವುದು ಅದೇ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನ ಊರುಗಳಲ್ಲಿರುವ ಸಿದ್ದಿ ಸಮುದಾಯದವರ ಹಿರಿಯರನ್ನು ಶತಮಾನಗಳ ಹಿಂದೆ ಆಫ್ರಿಕದಿಂದ ಗೋವೆಯ ಪೋರ್ಚುಗೀಸರು ಮತ್ತಿತರರು ಗುಲಾಮರಾಗಿ ತಂದಿದ್ದರು. ಅವರ ಹೆಂಗಸರು ಹೊಲಿಯುವ ಕವಂದಿ ಅಂಚಿನಲ್ಲಿ ಶುರುವಾಗಿ ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಕೆಳಗೆ ಒಂದು ಇಡೀ ಸೀರೆಯನ್ನು ಹಾಸಿ, ತುಂಡುಗಳ ಅಂಚನ್ನು ಒಳಕ್ಕೆ ಮಡಚಿ, ಒಂದರ ಪಕ್ಕ ಒಂದನ್ನು ಇಟ್ಟುಕೊಂಡು ಹೋಗುವಾಗಲೇ ಹೊಲಿಗೆಯೂ ನಡೆಯುತ್ತದೆ. ಮೊದಲು ಮೇಲ್ಪದರವನ್ನು ಜೋಡಿಸಿ ಆಮೇಲೆ ಪದರ ಕೂಡಿಸುವ ಎರಡು ಕೆಲಸ ಇಲ್ಲಿಲ್ಲ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಇಡುವ ಪುಟ್ಟ ಅಲಂಕಾರಕ್ಕೆ ಫುಲಾ, ಎಂದರೆ ಹೂವು ಎಂದು ಹೆಸರು; ಅದಿಲ್ಲದ ಕವಂದಿಯನ್ನು ಅವರು ಮುಗಿದದ್ದೆಂದು ಒಪ್ಪುವುದಿಲ್ಲ. ಚೌಕಟ್ಟು ಬೇಡ, ಮೇಜು ಬೇಡ, ನೆಲದ ಮೇಲೆ ಕುಳಿತು ತೊಡೆಯ ಮೇಲೆ ಎಳೆದುಕೊಂಡು ಹೊಲಿದರಾಯಿತು. ಮಾಮೂಲಿ ಕೌದಿಗೂ ಇದಕ್ಕೂ ನಡುವೆ ಆರಿಸಬೇಕಾದರೆ, ಕೈಯಲ್ಲಿರುವುದು ಸಣ್ಣ ಸಣ್ಣ ತುಂಡುಗಳಾದಲ್ಲಿ ಕವಂದಿಯೇ ಸುಲಭ. ದೊಡ್ಡ ತುಂಡುಗಳೂ ಗಟ್ಟಿ ಅಂಚುಗಳೂ ಇದ್ದರೆ ಕೌದಿ. ಕವಂದಿಗೆ ಸಾಮಾನ್ಯವಾಗಿ ಒಳತುಂಬು ಇಲ್ಲದ್ದರಿಂದ ನಮ್ಮ ಮಳೆಗೂ ಅದು ಸ್ವಲ್ಪ ಹೆಚ್ಚು ಹೊಂದುತ್ತದೆ.

ಬಂಗಾಳದ ಕಾಂಥಾ ಕೂಡ ಹುಟ್ಟಿದ್ದು ಇದೇ ಬಡತನದಿಂದ, ಇದೇ ಜಾಣತನದಿಂದ. ಹಳೆಯ ಮೆತ್ತನೆಯ ಹತ್ತಿ ಸೀರೆಗಳನ್ನು ಪದರವಾಗಿಟ್ಟು, ಸೀರೆಯ ಅಂಚಿನಿಂದಲೇ ಬಿಡಿಸಿ ತೆಗೆದ ಬಣ್ಣದ ಎಳೆಗಳಲ್ಲಿ ಹೊಲಿಯುತ್ತಿದ್ದರು. ಕೌದಿಗೂ ಇದಕ್ಕೂ ಇರುವ ವ್ಯತ್ಯಾಸ ಹೊಲಿಗೆಯ ದಟ್ಟಣೆಯಲ್ಲಿದೆ. ಕೌದಿಯಲ್ಲಿ ಹೊಲಿಗೆ ಪದರಗಳನ್ನು ಹಿಡಿದಿಡುತ್ತದೆ. ಕಾಂಥಾದಲ್ಲಿ ಹೊಲಿಗೆಯೇ ಬಟ್ಟೆಯನ್ನು ಹೊಸದಾಗಿ ನೇಯ್ದಂತೆ ತುಂಬಿಕೊಳ್ಳುತ್ತದೆ, ಮೈಯೆಲ್ಲ ಕೆರೆಯ ನೀರಿನ ಸಣ್ಣ ಅಲೆಯಂತೆ ಸುಕ್ಕುಗಟ್ಟುತ್ತದೆ. ಹೂವು, ಮೀನು, ಪಲ್ಲಕ್ಕಿ, ಮನೆಯ ಕಥೆಗಳನ್ನೆಲ್ಲ ಚಿತ್ರಿಸುವ ನಕ್ಷಿ ಕಾಂಥಾ ಪರಿಣತರ ಕೆಲಸ. ಕಲಿಯುವವರು ಸೀರೆಯ ಮೂಲ ವಿನ್ಯಾಸದ ಗೆರೆಯನ್ನೇ ಹಿಂಬಾಲಿಸಿ ಹೊಲಿದರೂ ಸಾಕು, ಚೆನ್ನಾಗಿಯೇ ಕಾಣುತ್ತದೆ.

ಮಡಿಕೇರಿ, ವಿರಾಜಪೇಟೆ ಕಡೆಯ ಮನೆಗಳಿಗೆ ನಾನು ಮೊದಲು ಸೂಚಿಸುವುದು ಎರಡು ಪದರದ ಕಾಂಥಾವನ್ನೇ. ಒಂದು ಸೀರೆಯನ್ನು ಎರಡಾಗಿ ಮಡಚಿದರೆ ಹೊದಿಕೆ ಸಿದ್ಧ. ಸವೆದ ಪಟ್ಟೆಗಳಿರುವ ಕಡೆ ಹೊಲಿಗೆಯ ಸಾಲುಗಳನ್ನು ಇನ್ನಷ್ಟು ಹತ್ತಿರ ತಂದರೆ ಅಲ್ಲಿಗೆ ಬಲವೂ ಬರುತ್ತದೆ. ಎರಡೇ ಪದರವಾದ್ದರಿಂದ ಮಳೆಗಾಲದಲ್ಲೂ ಒಲೆಯ ಬದಿಯಲ್ಲಿ ಒಂದು ರಾತ್ರಿ, ಹೆಚ್ಚೆಂದರೆ ಎರಡು ರಾತ್ರಿಯಲ್ಲಿ ಒಣಗುತ್ತದೆ. ಅಡ್ಡಿಯೆಂದರೆ ಕಾಲ. ಸಾಲು ಸಾಲಿನ ನಡುವೆ ಅರ್ಧ ಬೆರಳಿನಷ್ಟು ಅಂತರವಿಟ್ಟು ನಾನು ಹೊಲಿದ ಒಂದು ಹೊದಿಕೆ, ದಿನಕ್ಕೆ ಒಂದೂವರೆ ಗಂಟೆಯಂತೆ, ಎರಡು ತಿಂಗಳಿಗೂ ಮೀರಿ ಹಿಡಿಯಿತು. ಕಾಫಿ ಕೊಯ್ಲಿನ ಡಿಸೆಂಬರ್, ಜನವರಿಯಲ್ಲಿ ಇದನ್ನು ಆರಂಭಿಸಿದವರು ಮುಗಿಸುವುದಿಲ್ಲ. ಕಕ್ಕಡದಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು), ನಾಟಿ ಕೆಲಸ ಮುಗಿದ ಮೇಲೆ, ಸಮಾರಂಭಗಳೂ ಇಲ್ಲದ ಆ ದಿನಗಳಲ್ಲಿ ಕೈಗೆತ್ತಿಕೊಂಡರೆ ಕೈಲ್‌ಪೋಳ್ದ್ (ಸೆಪ್ಟೆಂಬರ್ ಆರಂಭದ ಕೊಡವ ಆಯುಧಪೂಜೆಯ ಹಬ್ಬ) ಕಳೆದು ಬಿಸಿಲು ಕಾಣುವ ಹೊತ್ತಿಗೆ ಕೆಲಸ ಒಂದು ಹಂತಕ್ಕೆ ಬಂದಿರುತ್ತದೆ.

ಸಾಶಿಕೊ ಎಂಬ ಜಪಾನಿನ ಹೊಲಿಗೆಗೆ ಈಗ ನಮ್ಮಲ್ಲೂ ಆಸಕ್ತರು ಹೆಚ್ಚು. ಉತ್ತರ ಜಪಾನಿನ ಚಳಿಯಲ್ಲಿ ಹತ್ತಿ ಬೆಳೆಯುವುದಿಲ್ಲ. ರೈತರು ಸೆಣಬಿನಂಥ ನಾರಿನ ಒರಟು ಬಟ್ಟೆ ತೊಡುತ್ತಿದ್ದರು. ಅದರ ರಂಧ್ರಗಳನ್ನು ಮುಚ್ಚಿ ಬೆಚ್ಚಗಾಗಿಸಲು, ಹರಿದಲ್ಲಿ ತೇಪೆ ಹಾಕಲು ಹತ್ತಿಯ ದಾರದಲ್ಲಿ ಒತ್ತೊತ್ತಾಗಿ ಹೊಲಿದದ್ದೇ ಕಾಲಕ್ರಮದಲ್ಲಿ ನೀಲಿಯ ಮೇಲೆ ಬಿಳಿಯ ಗೆರೆಗಳ ಚಂದದ ವಿನ್ಯಾಸವಾಯಿತು. ತೇಪೆಯ ಮೇಲೆ ತೇಪೆ ಬಿದ್ದು ಮೂಲ ಬಟ್ಟೆಯೇ ಕಾಣದಂತಾದ ಉಡುಪಿಗೆ ಬೋರೊ ಎಂದು ಹೆಸರು. ಎಡೋ ಕಾಲದಲ್ಲಿ (1603–1868) ಬೆಂಕಿ ಆರಿಸುವವರು ಹೀಗೆ ಹೊಲಿದ ದಪ್ಪನೆಯ ಅಂಗಿಯನ್ನು ನೀರಿನಲ್ಲಿ ನೆನೆಸಿ ತೊಟ್ಟು ಹೋಗುತ್ತಿದ್ದರು. ಒತ್ತಾಗಿ ಹೊಲಿದ ಬಟ್ಟೆ ನೀರನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅವರಿಗೆ ಉಪಕಾರವಾದ ಆ ಗುಣವೇ ನಮ್ಮ ಜುಲೈ ತಿಂಗಳಿಗೆ ಅಪಕಾರ.

ಹೀಗಾಗಿ ಹೊದಿಕೆಗೆ ಸಾಶಿಕೊವನ್ನು ನಾನು ಹೇಳುವುದಿಲ್ಲ, ಅಜ್ಜಿಯ ತೆಳ್ಳನೆಯ ಸೀರೆಗಂತೂ ಬೇಡವೇ ಬೇಡ. ಸಡಿಲ ಹುರಿಯ ದಪ್ಪ ದಾರ ತೆಳು ಬಟ್ಟೆಯ ಎಳೆಗಳನ್ನು ಪಕ್ಕಕ್ಕೆ ತಳ್ಳಿ ತೂತು ಮಾಡುತ್ತದೆ. ಆದರೆ ತೋಟಕ್ಕೆ ಹಾಕುವ ಜೀನ್ಸ್, ಮೊಣಕೈ ಸವೆದ ಕಾಕಿ ಕೋಟು, ಕೊಯ್ಲಿಗೆ ಕಟ್ಟುವ ಚೀಲ, ಇವುಗಳ ತೇಪೆಗೆ ಅದಕ್ಕಿಂತ ಒಳ್ಳೆಯದಿಲ್ಲ. ವಿಧಾನವೂ ಬೇರೆ: ಸೂಜಿಯನ್ನು ಒಂದೊಂದು ಹೊಲಿಗೆಗೂ ಎಳೆಯದೆ, ಬಟ್ಟೆಯನ್ನೇ ನಿರಿಗೆಯಂತೆ ಸೂಜಿಗೆ ಏರಿಸಿಕೊಂಡು ಐದಾರು ಹೊಲಿಗೆಗಳನ್ನು ಒಟ್ಟಿಗೆ ಎಳೆಯುತ್ತಾರೆ. ಮೇಲೆ ಕಾಣುವ ಹೊಲಿಗೆ ಅಕ್ಕಿಕಾಳಿನಷ್ಟಿರಬೇಕು, ಕೆಳಗಿನದು ಅದಕ್ಕಿಂತ ತುಸು ಚಿಕ್ಕದು. ಗೆರೆ ತಿರುಗುವ ಕಡೆ ಹಿಂಬದಿಯಲ್ಲಿ ದಾರವನ್ನು ಸ್ವಲ್ಪ ಸಡಿಲ ಬಿಡದಿದ್ದರೆ ಒಗೆದ ಮೇಲೆ ಬಟ್ಟೆ ಮುದುಡುತ್ತದೆ. ಜಪಾನಿನ ದಾರವನ್ನೇ ತರಿಸಬೇಕೆಂದಿಲ್ಲ, ಎಂಟನೆಯ ನಂಬರಿನ ಪರ್ಲ್ ಕಾಟನ್ ದಾರ ಸಾಕಾಗುತ್ತದೆ.

ಕಸೂತಿಯ ಮಾತು ಬಂದಾಗ ಧಾರವಾಡ ಸೀಮೆಯವರ ಮುಖ ಅರಳುತ್ತದೆ, ನನ್ನದೂ ಹಾಗೆಯೇ. ಗೋಪುರ, ತೇರು, ಆನೆ, ನವಿಲು, ತುಳಸಿ ವೃಂದಾವನಗಳನ್ನು ಯಾವ ಗೀಟನ್ನೂ ಎಳೆದುಕೊಳ್ಳದೆ ಬಟ್ಟೆಯ ಎಳೆಗಳನ್ನು ಎಣಿಸಿಯೇ ತೆಗೆಯುತ್ತಾರೆ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿ ಬಟ್ಟೆಯ ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುತ್ತದೆ: ಒಂದು ಸಲ ಬಿಟ್ಟು ಬಿಟ್ಟು ಹೋದ ದಾರಿಯಲ್ಲೇ ಮರಳಿ ಬಂದು ಬಿಟ್ಟ ಜಾಗವನ್ನು ತುಂಬುವ ಹೊಲಿಗೆ ಅದು. ಎಲ್ಲಿಂದ ಹೊರಟು ಎಲ್ಲಿಗೆ ಮರಳಬೇಕೆಂಬ ದಾರಿಯನ್ನು ಮನಸ್ಸಿನಲ್ಲೇ ಹಾಕಿಕೊಳ್ಳಬೇಕಾದ್ದರಿಂದ ಇದು ಹೊಲಿಗೆಯೂ ಹೌದು, ಲೆಕ್ಕವೂ ಹೌದು. ಮುರಗಿ ಮೆಟ್ಟಿಲಿನಂತೆ ಸಾಗುತ್ತದೆ, ನೇಗಿ ನೇಯ್ಗೆಯಂತೆ ಕಾಣುತ್ತದೆ, ಮೆಂತಿ ಕತ್ತರಿ ಹೊಲಿಗೆ.

ಆದರೆ ಹಳೆಯ ಸೀರೆಗೆ ಕಸೂತಿ ಹಾಕುವುದು ಸರಿಯಾದ ಆಯ್ಕೆಯಲ್ಲ. ಎಳೆ ಎಣಿಸಲು ಬಟ್ಟೆಯ ನೇಯ್ಗೆ ಅಚ್ಚುಕಟ್ಟಾಗಿರಬೇಕು, ಬಿಗಿಯಾಗಿ ಹಿಡಿದರೆ ತಾಳಿಕೊಳ್ಳಬೇಕು. ಎಳೆಗಳು ಸರಿದ ಸೀರೆಯಲ್ಲಿ ಗೋಪುರ ವಾಲುತ್ತದೆ. ಇನ್ನೊಂದು ತೊಡಕು ಬೆಳಕಿನದು. ಕಕ್ಕಡದ ಮಧ್ಯಾಹ್ನದಲ್ಲೂ ದೀಪ ಬೇಕಾಗುವ, ಆ ದೀಪವೂ ಕರೆಂಟನ್ನು ನಂಬಿಕೊಂಡಿರುವ ನಮ್ಮ ಮನೆಗಳಲ್ಲಿ ಎಳೆ ಎಣಿಸುವುದು ಕಣ್ಣಿಗೆ ಶಿಕ್ಷೆ. ಕೌದಿಯನ್ನಾದರೆ ಮಬ್ಬಿನಲ್ಲಿ ಮಾತನಾಡುತ್ತಲೂ ಹೊಲಿಯಬಹುದು, ಕಸೂತಿಗೆ ಮಾತೂ ಅಡ್ಡಿ. ಆದ್ದರಿಂದ ಇದನ್ನು ಫೆಬ್ರವರಿ, ಮಾರ್ಚಿನ ಬೆಳಗಿಗೆ ಇಟ್ಟುಕೊಂಡು, ಹೊಸ ಬಟ್ಟೆಯ ಮೇಲೆ ಮಾಡಬೇಕು. ಅಜ್ಜಿಯ ಸೀರೆಯ ಅಂಚಿನಲ್ಲಿದ್ದ ಒಂದು ವಿನ್ಯಾಸವನ್ನು ಚೌಕುಳಿ ಹಾಳೆಗೆ ಇಳಿಸಿಕೊಂಡು ಮೊಮ್ಮಗಳ ಕುಪ್ಪಸದ ತೋಳಿಗೆ ಎತ್ತಿದರೆ, ಬಟ್ಟೆ ಹೋದರೂ ವಿನ್ಯಾಸ ಮನೆಯಲ್ಲೇ ಉಳಿಯಿತು. ಆರಂಭಕ್ಕೆ ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆಯೇ ಸೂಕ್ತ; ಆರು ಎಳೆಯ ಕಸೂತಿ ದಾರದಿಂದ ಎರಡೆಳೆಯನ್ನು ಬಿಡಿಸಿಕೊಂಡರೆ ಸಾಕು.

ಸಂಡೂರಿನ ಲಂಬಾಣಿ ಹೆಂಗಸರ ಕನ್ನಡಿ, ಕವಡೆಗಳ ಕಸೂತಿ ಎಷ್ಟು ಚೆಂದವಿದ್ದರೂ ಭಾರವಾದದ್ದು. ಸವೆದ ಸೀರೆ ಅದನ್ನು ಹೊರಲಾರದು. ಚೀಲಕ್ಕೆ, ದಿಂಬಿನ ಹೊದಿಕೆಗೆ ಆದೀತು. ಕುಶಾಲನಗರದಿಂದ ಹೊಳೆ ದಾಟಿದರೆ ಸಿಗುವ ಬೈಲುಕುಪ್ಪೆಯಲ್ಲಿ 1961ರಿಂದ ನೆಲೆಸಿರುವ ಟಿಬೆಟನ್ನರ ಕಂಬಳಿ ನೇಯ್ಗೆ, ಮದುವೆಯಾದ ಹೆಂಗಸರು ಸೊಂಟದ ಮುಂದೆ ಕಟ್ಟುವ ಬಣ್ಣದ ಪಟ್ಟಿಗಳ ಪಾಂಗ್ಡೆನ್, ರೇಷ್ಮೆ ತುಂಡುಗಳನ್ನು ಜೋಡಿಸಿ ಹೊಲಿಯುವ ತಂಕಾ ಎಂಬ ಬೌದ್ಧ ಚಿತ್ರಪಟಗಳು, ಇವೆಲ್ಲ ನೋಡಿ ಕಲಿಯಲು ಅರ್ಧ ದಿನದ ಪ್ರಯಾಣಕ್ಕೆ ಯೋಗ್ಯ. ಪಾಂಗ್ಡೆನ್‌ನಲ್ಲಿ ಮೂರು ಪಟ್ಟಿಗಳನ್ನು ಬೇಕೆಂದೇ ಗೆರೆ ತಪ್ಪಿಸಿ ಜೋಡಿಸುವ ರೀತಿಯನ್ನು ನೋಡಿದ ಮೇಲೆ ನನ್ನ ಕೌದಿಗಳ ಜೋಡಣೆಯೂ ಬದಲಾಯಿತು. ತಂಕಾ ಮಾತ್ರ ಪೂಜೆಯ ವಸ್ತು. ಅದನ್ನು ಮನೆಯಲ್ಲಿ ಅನುಕರಿಸುವುದಕ್ಕಿಂತ ಬಲ್ಲವರಿಂದ ಕೊಳ್ಳುವುದೇ ಮೇಲು. ಇದೇ ನ್ಯಾಯ ಉಳಿದವುಗಳಿಗೂ ಸಲ್ಲುತ್ತದೆ. ಮನೆಯ ಬಳಕೆಗೆ ಯಾರ ಹೊಲಿಗೆಯನ್ನು ಬೇಕಾದರೂ ಕಲಿಯಬಹುದು, ಆದರೆ ನಾವು ಹೊಲಿದದ್ದನ್ನು ಸಿದ್ದಿ ಕವಂದಿಯೆಂದೋ ಧಾರವಾಡದ ಕಸೂತಿಯೆಂದೋ ಹೆಸರಿಟ್ಟು ಮಾರಬಾರದು.

ರೇಷ್ಮೆಯ ವಿಷಯದಲ್ಲಿ ಮೇಲಿನ ಯಾವ ಹೋಲಿಕೆಯೂ ನಡೆಯುವುದಿಲ್ಲ. ಹಳೆಯ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ, ಸೂಜಿ ಚುಚ್ಚಿದಲ್ಲಿ ಸೀಳು ಇನ್ನೂ ಬೇಗ ಹರಡುತ್ತದೆ. ಜರಿಯ ಮೇಲೆ ಕೈಹೊಲಿಗೆ ಹಾಕಿದರೆ ಸೂಜಿಯೂ ಮುರಿಯುತ್ತದೆ, ಜರಿಯೂ ಕಿತ್ತುಬರುತ್ತದೆ. ಮದುವೆಯ ಕೆಂಪು ಸೀರೆ ಇನ್ನೂ ಗಟ್ಟಿಯಿದ್ದರೆ ಅದನ್ನು ಉಡುವುದೇ ಅದಕ್ಕೆ ತಕ್ಕ ಬಳಕೆ. ಸೀಳಿದ್ದರೆ, ಚೆನ್ನಾಗಿ ಉಳಿದ ಸೆರಗಿನ ಹಿಂದೆ ತೆಳ್ಳನೆಯ ಮಲ್ ಬಟ್ಟೆಯ ಆಸರೆ ಕೊಟ್ಟು, ಅಂಚಿನ ಸುತ್ತ ಮಾತ್ರ ಸಣ್ಣ ಹೊಲಿಗೆ ಹಾಕಿ ಗೋಡೆಗೆ ತೂಗುಹಾಕುವುದೋ, ಕಾಗದ ಪತ್ರ ಒಡವೆಗಳನ್ನಿಡುವ ಸಂಚಿ ಮಾಡುವುದೋ ಸರಿ. ಕೊಡವ ಗಂಡಸರ ನಿಲುವಂಗಿಯಾದ ಕುಪ್ಯದ ಮೇಲೆ ಸೊಂಟಕ್ಕೆ ಕಟ್ಟುವ ಹಳೆಯ ಚೇಲೆ ಮನೆಯಲ್ಲಿದ್ದರೆ, ಎಷ್ಟೇ ಸವೆದಿದ್ದರೂ, ಅದಕ್ಕೆ ಕತ್ತರಿ ತಾಗಿಸಬಾರದೆಂದೇ ನನ್ನ ಹಟ. ಬಿಳಿಯ ಹತ್ತಿ ಬಟ್ಟೆಯಲ್ಲಿ ಸುರುಳಿ ಸುತ್ತಿ, ಮಡಿಕೆ ಬೀಳದಂತೆ, ವರ್ಷಕ್ಕೆರಡು ಸಲ ನೆರಳಿನಲ್ಲಿ ಗಾಳಿಗೆ ಬಿಟ್ಟು ಇಟ್ಟುಕೊಳ್ಳಬೇಕು.

ಯಾವುದನ್ನೇ ಆರಿಸಿಕೊಂಡರೂ ಬಟ್ಟೆಗಳನ್ನೆಲ್ಲ ಬೇರೆ ಬೇರೆಯಾಗಿ ಒಗೆದು, ಬಣ್ಣ ಬಿಡುವುದೆಷ್ಟು ಎಂದು ಬಿಳಿ ಚಿಂದಿಯಿಂದ ಒತ್ತಿ ನೋಡಿಯೇ ಮುಂದುವರಿಯಬೇಕು. ಕೆಂಪು, ನೀಲಿಗಳನ್ನು ಎಂದೂ ನಂಬಬಾರದು. ಪಾಲಿಯೆಸ್ಟರ್ ಸೀರೆಯನ್ನು ಹತ್ತಿಯೊಡನೆ ಸೇರಿಸಿದರೆ ಹತ್ತಿ ಮೊದಲು ಸವೆದು ಪಾಲಿಯೆಸ್ಟರ್ ಮಾತ್ರ ಉಳಿಯುತ್ತದೆ. ಅದರ ಬೆಚ್ಚಗಿನ ಗುಣವೂ ಕಡಿಮೆ. ಮೂರಕ್ಕಿಂತ ಹೆಚ್ಚು ಪದರವಿದ್ದರೆ ನಡುಬೆರಳಿಗೆ ದರ್ಜಿಗಳು ಅಂಗುಸ್ತಾನ ಎನ್ನುವ ಲೋಹದ ಟೊಪ್ಪಿ ಬೇಕೇ ಬೇಕು. ಹೊಲಿಗೆ ಯಂತ್ರದಲ್ಲಿ ತುಂಡು ಜೋಡಿಸಿ ಕೈಯಲ್ಲಿ ಪದರ ಕೂಡಿಸುವುದರಲ್ಲಿ ಯಾವ ತಪ್ಪೂ ಇಲ್ಲ, ಕೌದಿಯ ಮಟ್ಟಿಗೆ ಅದು ಜಾಣತನವೇ. ಆದರೆ ಸವೆದ ಸೀರೆಯ ಮೇಲೆ ಯಂತ್ರದ ಒತ್ತು ಹೊಲಿಗೆ ಅಂಚೆಚೀಟಿಯ ತೂತುಗಳಂತೆ ಕೆಲಸ ಮಾಡಿ, ಬಟ್ಟೆ ಆ ಸಾಲಿನಲ್ಲೇ ಹರಿಯುವುದುಂಟು.

ಒಂದೇ ಸೀರೆಗೆ ಅಕ್ಕ, ತಂಗಿ, ಸೊಸೆ ಮೂವರೂ ಕೈ ಚಾಚಿರುವ ಮನೆಗಳಲ್ಲಿ ದೊಡ್ಡ ಹೊದಿಕೆಯ ಯೋಚನೆಯನ್ನೇ ಬಿಡುವುದು ಕ್ಷೇಮ. ಐದೂವರೆ ಮೀಟರಿನಲ್ಲಿ ಎರಡು ಪದರದ ಮಗುವಿನ ಹೊದಿಕೆ ಮೂರು ಸಲೀಸಾಗಿ ಬರುತ್ತವೆ, ಉಳಿದ ಅಂಚಿನಲ್ಲಿ ಮಗುವಿನ ತಲೆಗೆ ಹಾಕುವ ನಮ್ಮ ಕಡೆಯ ಕುಂಚಿಗೆಯೊಂದಕ್ಕೂ ಬಟ್ಟೆ ಸಿಗುತ್ತದೆ. ಅತ್ತೆಯವರ ಕಡೆಯ ಸೀರೆಯನ್ನು ಹೋದ ವರ್ಷ ನಾನು ಹೀಗೆಯೇ ಹಂಚಿದೆ: ಮೂರೂ ಕಾಂಥಾ, ಮೂರಕ್ಕೂ ಮೂಲೆಯಲ್ಲಿ ಒಂದೊಂದು ಫುಲಾ, ಸೆರಗಿನ ತುದಿಯಿಂದ ಬಿಡಿಸಿದ ಹಸಿರು ಎಳೆಯಲ್ಲೇ ಹೊಲಿಗೆ. ಎಳೆ ಎರಡನೆಯ ಹೊದಿಕೆಯ ಅರ್ಧಕ್ಕೆ ಮುಗಿದುಹೋಯಿತು. ಅಲ್ಲಿಂದ ಮುಂದಿನದು ವಿರಾಜಪೇಟೆಯ ಅಂಗಡಿಯಲ್ಲಿ ಕೊಂಡ ದಾರ, ಬಣ್ಣ ಒಂದು ಛಾಯೆ ಗಾಢ; ಬಿಸಿಲಿನಲ್ಲಿ ಹಿಡಿದರೆ ಎಲ್ಲಿ ಬದಲಾಯಿತೆಂದು ತಿಳಿಯುತ್ತದೆ.